ಪದಚರ್ಚೆ: ‘ಇನ್ನರ್ ಚೆಸ್ಟ್’ಗೆ ‘ಒಳ ಎದೆ’ ಅನ್ನಬಹುದೇ? ‘ಟಾರ್ಗೆಟ್’ಗೆ ‘ಗುರಿಯಾಗಿಸು’ ಸರಿಯೇ?

ಬಳಗದ ಎಲ್ಲರಿಗೂ ನಮಸ್ಕಾರ.

ಜಿಮ್‌ಗೆ ಹೊಸದಾಗಿ ಸೇರುವವರಿಗಾಗಿ ಕನ್ನಡದಲ್ಲೊಂದು ಕೈಪಿಡಿ ಸಿದ್ಧವಾಗುತ್ತಿದೆ. ಕರಡು ತಿದ್ದುವ ಕೆಲಸ ನನ್ನ ಪಾಲಿಗೆ ಬಂದಿದೆ. ತೋಳು, ತೊಡೆ, ಬೆನ್ನು ದಾಟಿ ಎದೆಯ ಅಧ್ಯಾಯಕ್ಕೆ ಬಂದು ನಿಂತಿದ್ದೇನೆ. ತೊಡಕಿರುವುದು ಈ ಎರಡು ವಾಕ್ಯಗಳಲ್ಲಿ:

‘ಇಳಿಜಾರು ಬೆಂಚ್ ಪ್ರೆಸ್ ಎದೆಯ ಮೇಲ್ಭಾಗವನ್ನು ಗುರಿಯಾಗಿಸುತ್ತದೆ. ಕೇಬಲ್ ಕ್ರಾಸ್‌ಓವರ್ ಒಳ ಎದೆಯನ್ನು ಗುರಿಯಾಗಿಸುತ್ತದೆ.’

(ಮೊದಲನೆಯದು ತಲೆಭಾಗ ಎತ್ತಿದ ಬೆಂಚಿನ ಮೇಲೆ ಮಲಗಿ ಭಾರವನ್ನು ಮೇಲಕ್ಕೆ ತಳ್ಳುವ ವ್ಯಾಯಾಮ. ಎರಡನೆಯದು ಎರಡು ಬದಿಯ ಯಂತ್ರದ ತಂತಿಗಳನ್ನು ಹಿಡಿದೆಳೆದು ಕೈಗಳನ್ನು ಎದೆಯ ಮುಂದೆ ಒಂದಕ್ಕೊಂದು ತರುವುದು.) ವ್ಯಾಕರಣದ ತಪ್ಪೇನಿಲ್ಲ. ಆದರೆ ಮೊದಲನೆಯ ವಾಕ್ಯ ಬಹುಪಾಲು ನಿಜ, ಎರಡನೆಯದು ನಿಜವಲ್ಲ. ಎರಡಕ್ಕೂ ಒಂದೇ ಕ್ರಿಯಾಪದ ಹಾಕಿದರೆ ಓದುವವರಿಗೆ ಆ ವ್ಯತ್ಯಾಸ ಕಾಣುವುದಿಲ್ಲ. ಹಾಗಾಗಿ ಪದಕ್ಕೆ ಹೋಗುವ ಮುಂಚೆ ದೇಹದ ಸಂಗತಿ ಸ್ವಲ್ಪ ಹೇಳಿಬಿಡುತ್ತೇನೆ.

ಜಿಮ್‌ನವರು ‘ಚೆಸ್ಟ್’ ಅನ್ನುವುದು ಮುಖ್ಯವಾಗಿ ಒಂದೇ ಸ್ನಾಯುವನ್ನು, ಪೆಕ್ಟೊರಾಲಿಸ್ ಮೇಜರ್ ಅನ್ನು. ಬೀಸಣಿಗೆಯ ಹಾಗೆ ಹರಡಿಕೊಂಡ ಸ್ನಾಯು ಅದು. ಮೇಲಿನ ಎಳೆಗಳು ಕೊರಳೆಲುಬಿನ, ಅಂದರೆ ಎಲ್ಲರೂ ಕಾಲರ್ ಬೋನ್ ಅನ್ನುವ ಮೂಳೆಯ, ಎದೆ ಕಡೆಯ ಅರ್ಧದಿಂದ ಹೊರಡುತ್ತವೆ. ದೊಡ್ಡ ಪಾಲು ಹೊರಡುವುದು ಎದೆಮೂಳೆಯಿಂದ ಮತ್ತು ಮೇಲಿನ ಪಕ್ಕೆಲುಬುಗಳ ಮೃದ್ವಸ್ಥಿಯಿಂದ. ತೀರ ಕೆಳಗಿನ ಕೆಲವು ಹೊಟ್ಟೆಯ ಸ್ನಾಯುವಿನ ಹೊದಿಕೆಯಿಂದ. ಎಲ್ಲವೂ ಹೋಗಿ ಸೇರುವುದು ಮಾತ್ರ ತೋಳಿನ ಮೂಳೆಗೇ. ಸೇರುವ ಮುನ್ನ ಅರ್ಧ ಸುತ್ತು ತಿರುಚಿಕೊಳ್ಳುತ್ತವೆ. ಕೆಳಗಿನ ಎಳೆಗಳು ಹಿಂದಿನಿಂದ ಬಂದು ಮೂಳೆಯ ಮೇಲುಗಡೆ ಅಂಟಿಕೊಳ್ಳುತ್ತವೆ, ಮೇಲಿನವು ಕೆಳಗಡೆ. ‘ಹುರಿಗಟ್ಟಿದ ಮೈ’ ಅನ್ನುತ್ತೇವಲ್ಲ, ಇಲ್ಲಿ ಅದು ಅಕ್ಷರಶಃ ಹುರಿ.

ಎಳೆಗಳ ದಿಕ್ಕು ಬೇರೆ ಬೇರೆಯಾದ್ದರಿಂದ ಕೆಲಸವೂ ಸ್ವಲ್ಪ ಬೇರೆ. ಮೇಲಿನವು ತೋಳನ್ನು ಮುಂದಕ್ಕೆ, ಮೇಲಕ್ಕೆ ತರಲು ನೆರವಾಗುತ್ತವೆ. ಕೆಳಗಿನವು ಎತ್ತಿದ ತೋಳನ್ನು ಕೆಳಕ್ಕೆ ಎಳೆಯುತ್ತವೆ. ಆದ್ದರಿಂದ ಬೆಂಚಿನ ತಲೆಭಾಗವನ್ನು ಸುಮಾರು 30 ಡಿಗ್ರಿ ಎತ್ತಿ ಭಾರ ತಳ್ಳಿದರೆ ಮೇಲಿನ ಭಾಗಕ್ಕೆ ಹೆಚ್ಚು ಕೆಲಸ ಬೀಳುತ್ತದೆ. ಚರ್ಮದ ಮೇಲೆ ವಿದ್ಯುದ್ವಾರ ಅಂಟಿಸಿ ಸ್ನಾಯುವಿನ ಚಟುವಟಿಕೆ ಅಳೆಯುವ ಇಎಂಜಿ ಪರೀಕ್ಷೆಗಳಲ್ಲೂ ಇದು ಕಂಡಿದೆ. 45 ಡಿಗ್ರಿ ದಾಟಿಸಿ ಇನ್ನೂ ನೆಟ್ಟಗೆ ಮಾಡುತ್ತ ಹೋದರೆ ಭುಜದ ಮುಂಭಾಗವೇ ಕೆಲಸದ ಹೆಚ್ಚಿನ ಪಾಲನ್ನು ಕಸಿದುಕೊಳ್ಳುತ್ತದೆ. ಮುಖ್ಯ ಮಾತೆಂದರೆ, ಯಾವ ಕೋನದಲ್ಲಿ ತಳ್ಳಿದರೂ ಉಳಿದ ಭಾಗ ಮಲಗಿರುವುದಿಲ್ಲ. ಪಾಲು ಹೆಚ್ಚು ಕಡಿಮೆಯಾಗುತ್ತದೆ, ಅಷ್ಟೆ.

‘ಇನ್ನರ್ ಚೆಸ್ಟ್’ನ ಕತೆ ಬೇರೆ. ಅಲ್ಲಿ ಬೇರೆ ಎಳೆಗಳೇ ಇಲ್ಲ. ಎದೆಮೂಳೆಯ ಪಕ್ಕದಲ್ಲಿರುವುದೂ ಕಂಕುಳ ಹತ್ತಿರ ಇರುವುದೂ ಅವೇ ಎಳೆಗಳ ಎರಡು ತುದಿಗಳು. ಒಂದು ತುದಿಯನ್ನಷ್ಟೇ ಬಿಗಿ ಮಾಡಿ ಇನ್ನೊಂದನ್ನು ಸಡಿಲ ಬಿಡುವ ವ್ಯಾಯಾಮವನ್ನು ಯಾರೂ ಕಂಡುಹಿಡಿದಿಲ್ಲ. ಕೈಗಳನ್ನು ಒಂದಕ್ಕೊಂದು ತಂದು ಹಿಂಡಿದಾಗ ಸ್ನಾಯು ಪೂರ್ತಿ ಕುಗ್ಗಿ ಎದೆಯ ನಡುವೆ ಗುಪ್ಪೆಯಾಗುತ್ತದೆ, ಅಲ್ಲೇ ಬಿಗಿತ ಅನಿಸುತ್ತದೆ. ಆ ಅನಿಸಿಕೆಯಿಂದಲೇ ಈ ಹೆಸರು ಹುಟ್ಟಿರಬೇಕು. ಎರಡು ಎದೆಗಳ ನಡುವಿನ ಗೀರು ಎಷ್ಟು ಅಗಲ ಅನ್ನುವುದು ಎಳೆಗಳು ಎದೆಮೂಳೆಗೆ ಎಲ್ಲಿ ಅಂಟಿಕೊಂಡಿವೆ ಅನ್ನುವುದರ ಮೇಲೆ ನಿಂತಿದೆ, ಅದು ಹುಟ್ಟಿನಿಂದ ಬಂದದ್ದು. ಒಟ್ಟು ಸ್ನಾಯು ದಪ್ಪವಾದರೆ ಗೀರು ಆಳವಾಗಿ ಕಾಣುತ್ತದೆ, ಜಾಗ ಬದಲಾಗುವುದಿಲ್ಲ. ಎದೆಯ ಕೊಬ್ಬನ್ನಷ್ಟೇ ಕರಗಿಸುವ ಮಾತನ್ನು ಇಲ್ಲಿ ಎತ್ತುವುದಿಲ್ಲ. ಅದು ಕೊಬ್ಬಿನ ವಿಷಯ, ಸ್ನಾಯುವಿನದಲ್ಲ.

ಈಗ ಪದಗಳಿಗೆ ಬರೋಣ. ‘ಒಳ ಎದೆ’ ಅಂದ ತಕ್ಷಣ ಕನ್ನಡಿಗರಿಗೆ ಹೊಳೆಯುವುದು ಪಕ್ಕೆಲುಬಿನ ಗೂಡಿನೊಳಗಿನ ಹೃದಯ, ಶ್ವಾಸಕೋಶ, ಇಲ್ಲವೇ ಮನಸ್ಸು. ‘ಎದೆಯೊಳಗೆ ಇಟ್ಟುಕೊಂಡಿದ್ದಾಳೆ’ ಅಂದರೆ ಹೇಳದೆ ನುಂಗಿಕೊಂಡಿದ್ದಾಳೆ ಅಂತಲೇ ಅರ್ಥ. ಇಂಗ್ಲಿಷಿನ ‘ಇನ್ನರ್’ ಇಲ್ಲಿ ಆಳವನ್ನು ಹೇಳುತ್ತಿಲ್ಲ, ದೇಹದ ನಡುಗೆರೆಗೆ ಹತ್ತಿರ ಅನ್ನುವುದನ್ನು ಹೇಳುತ್ತಿದೆ. ಆದ್ದರಿಂದ ‘ನಡು ಎದೆ’ ಅಥವಾ ‘ಎದೆಯ ನಡುಭಾಗ’ ಅನ್ನುವುದು ನನಗೆ ಸರಿ ಕಾಣುತ್ತದೆ. ಆದರೆ ಮೇಲಿನಿಂದ ಕೆಳಕ್ಕೆ ಎಣಿಸುವವರು ‘ನಡು’ ಅಂದರೆ ಮೇಲ್ಭಾಗಕ್ಕೂ ಕೆಳಭಾಗಕ್ಕೂ ಮಧ್ಯೆ ಅಂದುಕೊಳ್ಳಬಹುದು. ‘ಎದೆಮೂಳೆಯ ಬದಿ’ ಅಂದರೆ ಗೊಂದಲ ಇರುವುದಿಲ್ಲ, ಸ್ವಲ್ಪ ಉದ್ದ. ‘ಅಪ್ಪರ್ ಚೆಸ್ಟ್’ಗೆ ಒಬ್ಬರು ‘ಮೇಲೆದೆ’ ಸೂಚಿಸಿದ್ದರು. ಸಂಧಿ ಸರಿಯಾಗಿದೆ, ಆದರೆ ಓದುವಾಗ ‘ಮೇಲೆದ್ದೆ’ ಅಂತ ಕಣ್ಣು ಜಾರುತ್ತದೆ. ‘ಎದೆಯ ಮೇಲ್ಭಾಗ’ ಸಾಕು.

‘ಗುರಿಯಾಗಿಸು’ ನನ್ನನ್ನು ಹೆಚ್ಚು ಕಾಡುತ್ತಿದೆ. ಕನ್ನಡದಲ್ಲಿ ಟೀಕೆಗೆ ಗುರಿಯಾಗುತ್ತಾರೆ, ಹಲ್ಲೆಗೆ ಗುರಿಯಾಗುತ್ತಾರೆ, ಅನುಮಾನಕ್ಕೆ ಗುರಿಯಾಗುತ್ತಾರೆ. ಗುರಿಯಾದದ್ದಕ್ಕೆ ಒಳ್ಳೆಯದಾಗುವುದು ಅಪರೂಪ. ಎದೆಯ ಮೇಲ್ಭಾಗ ಯಾರದೋ ಕೋಪಕ್ಕೆ ಸಿಕ್ಕ ಹಾಗೆ ಕೇಳಿಸುತ್ತದೆ. ಅದಕ್ಕಿಂತ ದೊಡ್ಡ ತೊಂದರೆ, ಗುರಿ ಅಂದರೆ ಒಂದೇ ಬಿಂದು. ಬಾಣ ಅಲ್ಲಿಗೆ ತಾಗುತ್ತದೆ, ಬೇರೆಡೆಗಿಲ್ಲ. ಸ್ನಾಯು ಹಾಗೆ ನಡೆದುಕೊಳ್ಳುವುದಿಲ್ಲ ಎಂದು ಮೇಲೆ ಹೇಳಿದೆ. ಜಿಮ್‌ನಲ್ಲಿ ಕನ್ನಡ ಮಾತಾಡುವ ತರಬೇತುದಾರರು ಏನನ್ನುತ್ತಾರೆ ಎಂದು ಕಿವಿಗೊಟ್ಟರೆ, ‘ಇದು ಮೇಲ್ಗಡೆಗೆ ಬೀಳತ್ತೆ’, ‘ಮೊಣಕೈ ಅಗಲಿಸಬೇಡ, ಭುಜಕ್ಕೆ ಬೀಳತ್ತೆ’. ‘ಬೀಳು’ ಎಷ್ಟು ಚೆನ್ನಾಗಿದೆ ನೋಡಿ. ಭಾರ ಬೀಳುತ್ತದೆ, ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ. ಯಾವ ಕಡೆಯೂ ಸೊನ್ನೆ ಎಂದು ಅದು ಹೇಳುವುದಿಲ್ಲ. ಬರಹಕ್ಕೆ ‘ಹೆಚ್ಚು ಒತ್ತು ಬೀಳುತ್ತದೆ’ ಅನ್ನಬಹುದು.

ಅದೇ ಜಿಮ್‌ಗಳಲ್ಲಿ ‘ಇವತ್ತು ಚೆಸ್ಟ್ ಹೊಡೆದೆ, ನಾಳೆ ಬ್ಯಾಕ್ ಹೊಡೀಬೇಕು’ ಅನ್ನುವುದೂ ಇದೆ. ಇಂಗ್ಲಿಷಿನ ‘ಹಿಟ್’ನ ನೆರಳು ಅಂತ ಕೆಲವರು ಮೂಗು ಮುರಿಯುತ್ತಾರೆ. ನಾನು ಒಪ್ಪುವುದಿಲ್ಲ. ದಂಡ ಹೊಡೆ, ಬಸ್ಕಿ ಹೊಡೆ ಗರಡಿಯ ಮಾತುಗಳು, ಈಜು ಹೊಡೆಯುವುದೂ ಇದೆ. ವ್ಯತ್ಯಾಸ ಇರುವುದು ಕರ್ಮಪದದಲ್ಲಿ. ಗರಡಿಯಲ್ಲಿ ಹೊಡೆಯುತ್ತಿದ್ದದ್ದು ವ್ಯಾಯಾಮವನ್ನು, ಜಿಮ್‌ನಲ್ಲಿ ಹೊಡೆಯುವುದು ಅಂಗವನ್ನು. ದಂಡ ಹೊಡೆದವನಿಗೆ ಎದೆ, ತೋಳು, ಭುಜ, ಸೊಂಟ ಎಲ್ಲಕ್ಕೂ ಒಟ್ಟಿಗೆ ಬೀಳುತ್ತಿತ್ತು, ಬಿಡಿಸಿ ಹೆಸರಿಡುವ ಅಗತ್ಯ ಬರಲಿಲ್ಲ. ಮೈಯನ್ನು ಭಾಗ ಭಾಗವಾಗಿ ಹಂಚಿ ವಾರಕ್ಕೆ ಹೊಂದಿಸುವ ಪದ್ಧತಿ ಬಂದ ಮೇಲೆ ಭಾಗಗಳಿಗೆ ಹೆಸರು ಬೇಕಾಯಿತು. ಆಮೇಲೆ ಇಲ್ಲದ ಭಾಗಗಳಿಗೂ ಹೆಸರು ಬಂತು. ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿ ಕನ್ನಡದಲ್ಲಿ ಕಾದಂಬರಿ ಬರೆದ ಕೆ.ವಿ. ಅಯ್ಯರ್ ಅಂಥವರು ಎದೆಯ ವ್ಯಾಯಾಮವನ್ನೂ ಕನ್ನಡದಲ್ಲಿ ವಿಸ್ತಾರವಾಗಿ ಬರೆದಿದ್ದರೆ ನಮಗೆ ಈ ಪಾಡು ಇರುತ್ತಿರಲಿಲ್ಲ. ಅವರ ವ್ಯಾಯಾಮದ ಹೆಸರಾಂತ ಕೈಪಿಡಿಗಳು ಇಂಗ್ಲಿಷಿನವು.

ಇನ್ನು ‘ಇಳಿಜಾರು ಬೆಂಚು’. ಕರಡಿನಲ್ಲಿ ‘ಇನ್‌ಕ್ಲೈನ್’, ‘ಡಿಕ್ಲೈನ್’ (ತಲೆಭಾಗ ಎತ್ತಿದ ಬೆಂಚು, ತಲೆಭಾಗ ತಗ್ಗಿಸಿದ ಬೆಂಚು) ಎರಡಕ್ಕೂ ಇದನ್ನೇ ಹಾಕಿದ್ದಾರೆ! ‘ಏರುಬೆಂಚು’, ‘ಇಳಿಬೆಂಚು’ ಅಂದರೆ ಮುಗಿಯಿತು ಅಂದುಕೊಂಡೆ. ಆದರೆ ಪುಷ್‌ಅಪ್‌ನಲ್ಲಿ ಲೆಕ್ಕ ತಿರುಗುತ್ತದೆ. ಕೈಗಳನ್ನು ಕಟ್ಟೆಯ ಮೇಲಿಟ್ಟು ಮಾಡಿದರೆ ಇಂಗ್ಲಿಷಿನಲ್ಲಿ ಅದು ‘ಇನ್‌ಕ್ಲೈನ್ ಪುಷ್‌ಅಪ್’. ಒತ್ತು ಬೀಳುವುದು ಎದೆಯ ಕೆಳಭಾಗಕ್ಕೆ. ಕಾಲುಗಳನ್ನು ಕಟ್ಟೆಯ ಮೇಲಿಟ್ಟರೆ ‘ಡಿಕ್ಲೈನ್ ಪುಷ್‌ಅಪ್’, ಒತ್ತು ಮೇಲ್ಭಾಗಕ್ಕೆ. ಅಂದರೆ ಒಂದೇ ‘ಇನ್‌ಕ್ಲೈನ್’ ಬೆಂಚಿನ ಮೇಲೆ ಮಲಗಿದಾಗ ಒಂದು ಕಡೆಗೆ, ಕೈಯೂರಿದಾಗ ಇನ್ನೊಂದು ಕಡೆಗೆ. ಏರು–ಇಳಿ ಎಂದು ಪದಕ್ಕೆ ಪದ ಕೂರಿಸಿದರೆ ಈ ಗೊಂದಲ ಹಾಗೇ ಕನ್ನಡಕ್ಕೂ ಬರುತ್ತದೆ. ‘ತಲೆ ಎತ್ತರದ ಬೆಂಚು’, ‘ಕಾಲು ಎತ್ತರಿಸಿದ ದಂಡ’, ‘ಕೈ ಎತ್ತರಿಸಿದ ದಂಡ’ ಎಂದು ಬರೆದರೆ ಚಿತ್ರ ಇಲ್ಲದೆಯೂ ಮಾಡಬಹುದು. ದಂಡ ಮತ್ತು ಪುಷ್‌ಅಪ್ ಒಂದೇ ಅಲ್ಲ, ಗರಡಿಯ ದಂಡದಲ್ಲಿ ಸೊಂಟ ಎತ್ತಿ ಮೈಯನ್ನು ಬಾಗಿಸಿ ಮುಂದಕ್ಕೆ ತರಬೇಕು, ಅನ್ನುವ ಆಕ್ಷೇಪಣೆ ಬರುತ್ತದೆ, ನ್ಯಾಯವೇ. ಆಗ ‘ಪುಷ್‌ಅಪ್’ ಅಂತಲೇ ಇಡೋಣ.

‘ಸ್ನಾಯು’ ಬಗ್ಗೆ ಒಂದು ಅಡ್ಡ ಮಾತು. ಆಯುರ್ವೇದ ಓದಿದವರೊಬ್ಬರು ಕರಡು ನೋಡಿ ‘ಪೇಶಿ’ ಅನ್ನಿ ಎಂದರು; ಸುಶ್ರುತ ಸಂಹಿತೆಯಲ್ಲಿ ಪೇಶಿಗಳು 500, ಸ್ನಾಯುಗಳು 900, ಎರಡೂ ಬೇರೆ, ಸ್ನಾಯು ಎಂದರೆ ಕಟ್ಟುವ ನಾರು. ಅವರ ಮಾತು ಮೂಲಕ್ಕೆ ಸರಿ. ಆದರೆ ಶಾಲೆಯ ಪುಸ್ತಕದಿಂದ ಹಿಡಿದು ಪತ್ರಿಕೆಯವರೆಗೆ ಕನ್ನಡದಲ್ಲಿ ‘ಸ್ನಾಯು’ ನೆಲೆಯೂರಿದೆ, ಮರಾಠಿಯಲ್ಲೂ ಹಾಗೆಯೇ. ತೆಲುಗಿನವರು ‘ಕಂಡರಂ’ ಅನ್ನುತ್ತಾರೆ, ನಮಗೆ ಕಂಡರ ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ. ಇದನ್ನು ಕೈಪಿಡಿಯಲ್ಲಿ ಬದಲಿಸುವ ಯೋಚನೆ ನನಗಿಲ್ಲ.

ಸದ್ಯಕ್ಕೆ ಆ ಎರಡು ವಾಕ್ಯಗಳನ್ನು ಹೀಗೆ ತಿದ್ದಿದ್ದೇನೆ: ‘ತಲೆ ಎತ್ತರದ ಬೆಂಚಿನ ಮೇಲೆ ಭಾರ ತಳ್ಳಿದರೆ ಎದೆಯ ಮೇಲ್ಭಾಗಕ್ಕೆ ಹೆಚ್ಚು ಒತ್ತು ಬೀಳುತ್ತದೆ. ಕೇಬಲ್ ಕ್ರಾಸ್‌ಓವರ್ ಇಡೀ ಎದೆಗೆ ಒಳ್ಳೆಯದು. ಬಿಗಿತ ಎದೆಮೂಳೆಯ ಬದಿಗೆ ಅನಿಸಿದರೂ ಆ ಭಾಗವನ್ನು ಮಾತ್ರ ಬೆಳೆಸಲು ಆಗುವುದಿಲ್ಲ.’

ಕೇಳುವುದು ಎರಡೇ. ಮೈಸೂರು, ದಾವಣಗೆರೆ, ಧಾರವಾಡ, ಬೆಳಗಾವಿ ಕಡೆಯ ಗರಡಿ ಅಥವಾ ತಾಲೀಮಿನ ಒಡನಾಟ ಇರುವವರು, ಎದೆಯ ಬೇರೆ ಬೇರೆ ಭಾಗಕ್ಕೆ ಉಸ್ತಾದರು ಬಳಸುವ ಮಾತು ಕೇಳಿದ್ದರೆ ತಿಳಿಸಿ, ಉಚ್ಚಾರ ಇದ್ದ ಹಾಗೇ ಬರೆಯಿರಿ. ಮತ್ತೆ, ‘ಒತ್ತು ಬೀಳು’ ಅನ್ನುವುದು ಉತ್ತರ ಕರ್ನಾಟಕದ ಕಿವಿಗೆ ಸಹಜವೇ, ಅಥವಾ ಅಲ್ಲಿ ಬೇರೆ ಕ್ರಿಯಾಪದ ಇದೆಯೇ? ಅಧ್ಯಾಯ ಇನ್ನೂ ಮುದ್ರಣಕ್ಕೆ ಹೋಗಿಲ್ಲ, ತಿದ್ದಲು ಅವಕಾಶವಿದೆ.

ವಂದನೆಗಳು.