ಸಹಾಯ ಬೇಕು: ನಂಪೈ (ಪೈಥಾನ್‌ನ ಗಣಿತ ಲೈಬ್ರರಿ) ಮ್ಯಾಟ್ರಿಕ್ಸ್ ತುಂಬುವಾಗ ಸಾಲಿನ ಅಂಚಿನಲ್ಲಿ ಇಂಡೆಕ್ಸ್ ತಪ್ಪುತ್ತಿದೆ

ನಮಸ್ಕಾರ. 4 ಸಾಲು, 5 ಕಾಲಂ ಇರುವ ಗ್ರಿಡ್ ಮೇಲೆ ಲಾಪ್ಲಾಸ್ ಸಮೀಕರಣಕ್ಕೆ (ಸ್ಥಿರ ಸ್ಥಿತಿಯಲ್ಲಿ ಶಾಖದ ಹಂಚಿಕೆ ಹೇಳುವ ಸಮೀಕರಣ) 20×20 ಮ್ಯಾಟ್ರಿಕ್ಸ್ 'ಎ' ತುಂಬುತ್ತಿದ್ದೇನೆ. ಸಾಲಿನ ಸಂಖ್ಯೆ ಐ, ಕಾಲಂ ಸಂಖ್ಯೆ ಜೆ (ಎರಡೂ 0ಯಿಂದ ಶುರು), ಬಿಂದುವಿನ ಕ್ರಮಸಂಖ್ಯೆ ಕೆ = 5*ಐ + ಜೆ; ಕರ್ಣದಲ್ಲಿ 4, ಪಕ್ಕದ ಬಿಂದುಗಳಿಗೆ -1.

ಜೆ = 0 ಇದ್ದಾಗ ಕೆ-1 ಅಂದರೆ ಹಿಂದಿನ ಸಾಲಿನ ಕೊನೆಯ ಬಿಂದು. ಹಾಗಾಗಿ ಎ[5,4], ಎ[10,9], ಎ[15,14] ಜಾಗಗಳಲ್ಲಿ ಬೇಡದ -1 ಕೂರುತ್ತದೆ. ಕೆ = 0 ಆದರೆ ಎ[0,-1] ಎರರ್ ಕೊಡದೆ ಕೊನೆಯ ಕಾಲಂಗೇ ಬರೆದುಬಿಡುತ್ತದೆ. ಸಿಮೆಟ್ರಿ ಪರೀಕ್ಷೆಯನ್ನು (ಸಾಲು-ಕಾಲಂ ಅದಲುಬದಲಾದರೂ 'ಎ' ಹಾಗೇ ಇದೆಯೇ ಎಂದು ನೋಡುವುದನ್ನು) ನಂಬಬೇಡಿ, ಎ[4,5]ರಲ್ಲೂ ಅದೇ ತಪ್ಪು ಇರುತ್ತದೆ. -1ಗಳನ್ನು ಎಣಿಸುವುದೇ ಮೇಲು: ಸರಿಯಾಗಿ 62 ಇರಬೇಕು.

ಜೆ > 0, ಜೆ < 4, ಐ > 0, ಐ < 3 ಷರತ್ತು ಹಾಕಿದರೆ ಸರಿ ಬರುತ್ತದೆ. ಆದರೆ 200×200 ಗ್ರಿಡ್‌ಗೆ ಪೂರ್ತಿ ಮ್ಯಾಟ್ರಿಕ್ಸ್ (40000×40000) 12.8 ಜಿಬಿ ಆಗುತ್ತದೆ! ಸೊನ್ನೆಯಲ್ಲದ ಅಂಶಗಳನ್ನಷ್ಟೇ ಇಟ್ಟುಕೊಳ್ಳುವ ಸೈಪೈ ಲೈಬ್ರರಿಯ ಸ್ಪಾರ್ಸ್ ಕ್ರಾನ್‌ನಿಂದ (ಎರಡು ದಿಕ್ಕಿನ ಸಣ್ಣ ಮ್ಯಾಟ್ರಿಕ್ಸ್‌ಗಳಿಂದ ದೊಡ್ಡದನ್ನು ಕಟ್ಟಲು ಬಳಸುವ ಫಂಕ್ಷನ್) ಕಟ್ಟುವಾಗ, ಎಡ ಅಂಚು ಮಾತ್ರ ಇನ್ಸುಲೇಟೆಡ್ (ಶಾಖ ದಾಟದಂತೆ) ಆಗಿದ್ದರೆ, ಅಡ್ಡ ದಿಕ್ಕಿನ ಸಣ್ಣ ಮ್ಯಾಟ್ರಿಕ್ಸ್‌ನ ಮೊದಲ ಸಾಲನ್ನಷ್ಟೇ ಬದಲಿಸಿದರೆ ಸಾಕೇ? ಮಾಡಿ ನೋಡಿದವರು ದಯವಿಟ್ಟು ತಿಳಿಸಿ.