ಶಾಲೆಯ ಬೆಂಕಿ ಡ್ರಿಲ್‌ಗೆ ಮಗಳು ಹೆದರಿದ್ದಾಳೆ, ಶನಿವಾರ ಕಳಿಸಲಾ ಬೇಡ್ವಾ?

ಬಟವಾಡಿ ಅಮ್ಮ: ಮಗಳು ತುಮಕೂರಲ್ಲಿ ಎರಡನೇ ಕ್ಲಾಸು. ಹೋದ ವಾರ ಶಾಲೆಯಲ್ಲಿ ಹೇಳದೆ ಕೇಳದೆ ಬೆಂಕಿ ಡ್ರಿಲ್ ಮಾಡಿದರು. ಸೈರನ್ ಕೂಗಿಸಿ, ಹೊಗೆ ಬಿಟ್ಟು, ಎರಡನೇ ಮಹಡಿಯಿಂದ ಮಕ್ಕಳನ್ನು ಇಳಿಸಿದರು. ಅವತ್ತಿಂದ ಕುಕ್ಕರ್ ಕೂಗಿದರೂ ಕಿವಿ ಮುಚ್ಚಿಕೊಳ್ಳುತ್ತಾಳೆ. ಈ ಶನಿವಾರ ಮತ್ತೆ ಇದೆಯಂತೆ. ರಜೆ ಹಾಕಿಸಲಾ? ಅನುಭವ ಇದ್ದವರು ಹೇಳಿ.

ಕೋಲಾರದ ತಾಯಿ: ಡ್ರಿಲ್ ಹೆಸರು ಎತ್ತಬೇಡಿ. ನನ್ನ ಮಗಳ ಬಲಗೈ ಮುರಿದದ್ದು ಅದರಲ್ಲೇ, ಮೆಟ್ಟಿಲ ಮೇಲೆ. ಎಕ್ಸ್‌ರೇ 450. ಹಿಟ್ಟಿನ ಪಟ್ಟಿ 2,800. ಹತ್ತು ದಿನಕ್ಕೆ ಮೂಳೆ ಸರಿಯಾಗಿ ಕೂತಿಲ್ಲ ಅಂತ ಬಿಚ್ಚಿ, ಇನ್ನೊಂದು ಎಕ್ಸ್‌ರೇ ತೆಗೆದು, ಮತ್ತೆ ಹಾಕಿದರು, 3,200. ಆಟೋ ಹೋಗಿ ಬರೋಕೆ 120, ಒಂಬತ್ತು ಸಲ. ಫಿಸಿಯೋಗೆ ದಿನಕ್ಕೆ 300, ಹನ್ನೆರಡು ದಿನ. ಒಟ್ಟು 11,580. ಬಿಲ್ಲುಗಳೆಲ್ಲ ಇವೆ. ಶಾಲೆಯವರು ನೋಡಲು ಬಂದಾಗ ತಂದದ್ದು ಒಂದು ಡಜನ್ ಬಾಳೆಹಣ್ಣು. ಅದರಲ್ಲೂ ನಾಲ್ಕು ಕೊಳೆತಿದ್ದವು.

ಚಿಕ್ಕಬಳ್ಳಾಪುರದ ಅಪ್ಪ: ನಮ್ಮದು ಉಲ್ಟಾ. ಡ್ರಿಲ್ ಮಾಡಲ್ಲ ಅಂತಲೇ ಶಾಲೆ ಬಿಡಿಸಿದೆವು. 2021ರ ಡಿಸೆಂಬರ್‌ನಲ್ಲಿ ನಮ್ಮ ಸುತ್ತ ಭೂಮಿ ನಡುಗಿತಲ್ಲ, 3ರ ಆಸುಪಾಸು ತೀವ್ರತೆ. ಅಡುಗೆಮನೆ ಪಾತ್ರೆ ಗಡಗಡ ಅಂದವು. ಶಾಲೆ ಹೊತ್ತಲ್ಲಿ ಹೀಗಾದರೆ ಏನು ಮಾಡ್ತೀರಾ ಅಂತ ಕೇಳಿದೆ. ನಕ್ಕುಬಿಟ್ಟರು. ಟಿಸಿ ಕೊಡಲು ಮೂರು ವಾರ ಸತಾಯಿಸಿದರು, ಬಾಕಿ ಅಂತ 4,000 ಕಿತ್ತರು. ಹೊಸ ಶಾಲೆಗೆ ಡೊನೇಷನ್ 35,000, ವ್ಯಾನು ತಿಂಗಳಿಗೆ 1,600. ಮೇಲೆ ಬ್ಲೇಜರ್ ಬೇರೆ, ಈ ಬಿಸಿಲಿಗೆ! ಇರಲಿ. ನಡುಗಿದರೆ ಬೆಂಚಿನ ಕೆಳಗೆ, ಬೆಂಕಿ ಬಿದ್ದರೆ ಬಗ್ಗಿಕೊಂಡು ಹೊರಗೆ. ಮಗ ಈಗ ಅವರಜ್ಜಿಗೂ ಕಲಿಸಿದ್ದಾನೆ.

ಶಿಡ್ಲಘಟ್ಟದಿಂದ: ಅದು ಭೂಕಂಪ ಅಲ್ಲ ಸಾರ್, ಕ್ವಾರಿಯಲ್ಲಿ ಬಂಡೆ ಸಿಡಿಸಿದ್ದು. ಅದೇ ವರ್ಷ ಫೆಬ್ರವರಿಯಲ್ಲಿ ಹಿರೇನಾಗವಲ್ಲಿ ಹತ್ತಿರ ಜಿಲೆಟಿನ್ ಸಿಡಿದು ಆರು ಜನ ಸತ್ತದ್ದು ಮರೆತಿರಾ?

ಚಿಕ್ಕಬಳ್ಳಾಪುರದ ಅಪ್ಪ: ಮರೆತಿಲ್ಲ. ಅದು ಬೇರೆ, ಇದು ಬೇರೆ. ಇದು ಭೂಕಂಪ ಮಾಪಕದಲ್ಲೇ ದಾಖಲಾಗಿದೆ. ಸುಮ್ನೆ ಎರಡನ್ನೂ ಕಲಸಬೇಡಿ.

ಶಿಡ್ಲಘಟ್ಟದಿಂದ: ನಿಮ್ಮ ಮನೆ ಗೋಡೆ ಬಿರುಕು ಬಿಟ್ಟಿಲ್ಲ, ಅದಕ್ಕೇ ಈ ಮಾತು. ನಮ್ಮ ಭಾವನ ಮನೆಯಲ್ಲಿ ಬಂದು ನೋಡಿ.

ತಿಪಟೂರಿನಿಂದ: ತಮಿಳುನಾಡಿನ ಕುಂಭಕೋಣಂ ನೆನಪಿದೆಯಾ? 2004ರ ಜುಲೈ 16. ಶಾಲೆಯ ಅಡುಗೆಮನೆ ಬೆಂಕಿ ಗರಿಯ ಚಾವಣಿಗೆ ಹತ್ತಿ 94 ಮಕ್ಕಳು ಹೋದರು. ಆಮೇಲೆ 2009ರಲ್ಲಿ ಸುಪ್ರೀಂ ಕೋರ್ಟು ಎಲ್ಲ ಶಾಲೆಯಲ್ಲೂ ಬೆಂಕಿ ನಂದಿಸುವ ಸಿಲಿಂಡರ್ ಇರಬೇಕು, ಸಿಬ್ಬಂದಿಗೆ ತರಬೇತಿ ಆಗಬೇಕು ಅಂದಿತು. ನಾನು ನಮ್ಮೂರ ಸರ್ಕಾರಿ ಶಾಲೆಯ ಎಸ್‌ಡಿಎಂಸಿಯಲ್ಲಿ, ಅಂದರೆ ಶಾಲಾಭಿವೃದ್ಧಿ ಸಮಿತಿಯಲ್ಲಿದ್ದೆ. ಹೋಗಿ ನೋಡಿದರೆ ಸಿಲಿಂಡರ್ ಮುಳ್ಳು ಕೆಂಪಿನಲ್ಲಿ, ಅಂದರೆ ಒಳಗೆ ಒತ್ತಡವೇ ಇಲ್ಲ. ಜೇಬಿಂದ 900 ಕೊಟ್ಟು ರೀಫಿಲ್ ಮಾಡಿಸಿದೆ. ಮೂರೇ ತಿಂಗಳಿಗೆ ಮತ್ತೆ ಕೆಂಪು, ವಾಲ್ವ್ ಲೀಕು. ಹೊಸದಕ್ಕೆ 1,850. ಅದನ್ನೂ ಯಾರೋ ಬಾಗಿಲು ಮುಚ್ಚಿಕೊಳ್ಳದಂತೆ ಅಡ್ಡ ಇಟ್ಟಿದ್ದರು. ಕೈ ಮುರಿದದ್ದಕ್ಕೆ ಡ್ರಿಲ್ಲೇ ಬೇಡ ಅನ್ನೋರು ಇದನ್ನು ಯೋಚಿಸಲಿ.

ಕೋಲಾರದ ತಾಯಿ: ನನಗೆ ಹೇಳ್ತಿದ್ದೀರಾ? ನೀವು ಸಿಲಿಂಡರ್ ಮಾರೋರಾ?

ತಿಪಟೂರಿನಿಂದ: ಕೊಬ್ಬರಿ ಮಂಡಿ ನಮ್ಮದು ಮೇಡಂ. ಸಿಲಿಂಡರ್‌ನಲ್ಲಿ ನನಗೆ ಹೋಗಿದ್ದೇ ಜಾಸ್ತಿ, ಬಂದದ್ದೇನಿಲ್ಲ.

ಕೋಲಾರದ ತಾಯಿ: ಮತ್ತೆ ಮೆಟ್ಟಿಲ ತಿರುವಲ್ಲಿ ಒಬ್ಬ ಟೀಚರ್ ನಿಲ್ಲಿಸೋಕೆ ಎಷ್ಟು ಖರ್ಚು? ಅದಕ್ಕೂ ಕೋರ್ಟೇ ಹೇಳಬೇಕಾ? ಎಂಟು ವರ್ಷದ ಮಗು ಎಡಗೈಯಲ್ಲಿ ಪರೀಕ್ಷೆ ಬರೆಯೋದನ್ನು ನೀವು ನೋಡಿಲ್ಲ.

ತಿಪಟೂರಿನಿಂದ: ಅದು ನಿಮ್ಮ ಶಾಲೆಯ ತಪ್ಪು, ಡ್ರಿಲ್‌ನ ತಪ್ಪಲ್ಲ.

ಶಿಡ್ಲಘಟ್ಟದಿಂದ: ವ್ಯಾನಿಗೆ 1,600 ಅಂದರಲ್ಲ, ಒಂದರಲ್ಲಿ ಎಷ್ಟು ಮಕ್ಕಳನ್ನು ತುಂಬ್ತಾರೆ? ಅದರಿಂದ ಇಳಿಯೋ ಡ್ರಿಲ್ ಮಾಡಿದ್ದಾರಾ?

ಚಿಕ್ಕಬಳ್ಳಾಪುರದ ಅಪ್ಪ: ಹದಿನೇಳು. ಮಾಡಿಲ್ಲ. ನಿಮಗೆ ನನ್ನ ಮೇಲೆ ಏನಾದರೂ ಹಳೇ ದ್ವೇಷ ಇದೆಯಾ?

ಬಟವಾಡಿ ಅಮ್ಮ: ಅಣ್ಣಂದಿರೇ, ನಾನು ಕೇಳಿದ್ದು ಶನಿವಾರ ಕಳಿಸಲಾ ಬೇಡ್ವಾ ಅಂತ.

ಕೋಲಾರದ ತಾಯಿ: ಕಳಿಸಿ ಅಕ್ಕ. ಹಿಂದಿನ ದಿನವೇ ಮೊಬೈಲಲ್ಲಿ ಸೈರನ್ ಸಣ್ಣಗೆ ಹಾಕಿ ಕೇಳಿಸಿ, ಆಟದ ಥರ. ಮತ್ತೆ ಲೇಸ್ ಶೂ ಬೇಡ, ಅಂಟಿಸೋ ಪಟ್ಟಿಯದು ಹಾಕಿ. ನನ್ನ ಮಗಳನ್ನು ಯಾರೂ ನೂಕಿರಲಿಲ್ಲ. ಲೇಸ್ ಬಿಚ್ಚಿತ್ತು. ಅವತ್ತು ಬೆಳಿಗ್ಗೆ ಕಟ್ಟಿ ಕಳಿಸಿದ್ದು ನಾನೇ.