ರಿಕರ್ಷನ್‌ಗೆ ಕನ್ನಡ ಪದ ಬೇಕು, ಇವತ್ತೇ

ವಿಜಯಪುರದಿಂದ, ಕಂಪ್ಯೂಟರ್ ಉಪನ್ಯಾಸಕಿ:

ಎಲ್ಲರಿಗೂ ನಮಸ್ಕಾರ. ನಾಳೆ ನಮ್ಮ ಕಾಲೇಜಿನಲ್ಲಿ ವಿಜ್ಞಾನ ಪ್ರದರ್ಶನ. ಫ್ಲೆಕ್ಸ್ ಅಂಗಡಿಯವನು ಸಂಜೆ ಆರರೊಳಗೆ ಮ್ಯಾಟರ್ ಕೊಡಿ, ಆಮೇಲೆ ನನ್ನನ್ನು ಕೇಳಬೇಡಿ ಅಂದಿದ್ದಾನೆ. ಬೋರ್ಡೆಲ್ಲ ಕನ್ನಡದಲ್ಲೇ ಇರಬೇಕು ಅಂತ ಪ್ರಿನ್ಸಿಪಾಲರ ಹುಕುಂ. ಎಲ್ಲ ಆಯ್ತು, ರಿಕರ್ಷನ್ ಒಂದಕ್ಕೆ ಗಾಡಿ ನಿಂತಿದೆ.

ಪುನರಾವರ್ತನೆ ಅಂತ ಮಾತ್ರ ಹೇಳಬೇಡಿ. ಅದನ್ನು ಪಕ್ಕದ ಟೇಬಲ್‌ನವರು ಲೂಪ್‌ಗೆ ಹಾಕಿಕೊಂಡಿದ್ದಾರೆ, ಹಾಕಿದ್ದೂ ಸರಿಯೇ. ನಮ್ಮ ಹುಡುಗಿಯರು ಇಡುತ್ತಿರುವುದು ಹನೋಯ್ ಗೋಪುರ. ಮೂರು ಗೂಟ, ಐದು ಕಟ್ಟಿಗೆಯ ಬಿಲ್ಲೆ. ಒಂದು ಸಲಕ್ಕೆ ಒಂದೇ ಬಿಲ್ಲೆ ಎತ್ತಬೇಕು. ಚಿಕ್ಕದರ ಮೇಲೆ ದೊಡ್ಡದು ಇಡೋ ಹಾಗಿಲ್ಲ. ಐದನ್ನು ಆ ಕಡೆ ಗೂಟಕ್ಕೆ ಸಾಗಿಸಬೇಕಾ? ಮೇಲಿನ ನಾಲ್ಕನ್ನು ನಡುವಿನ ಗೂಟಕ್ಕೆ ಸಾಗಿಸಿ, ತಳದ್ದನ್ನು ಎತ್ತಿಡಿ, ಆ ನಾಲ್ಕನ್ನು ತಂದು ಅದರ ಮೇಲೆ ಹಾಕಿ. ನಾಲ್ಕನ್ನು ಸಾಗಿಸೋದು ಹೇಗೆ? ಮೇಲಿನ ಮೂರನ್ನು ಮೊದಲು ಸಾಗಿಸಿ. ಹೀಗೇ ಇಳಿಯುತ್ತಾ ಹೋಗುತ್ತದೆ, ಒಟ್ಟು 31 ಸಲ ಎತ್ತಿಟ್ಟರೆ ಮುಗಿಯಿತು. ಇಲ್ಲಿ ಅದೇ ಕೆಲಸ ಸುಮ್ನೆ ಮತ್ತೆ ಮತ್ತೆ ನಡೆಯುತ್ತಿಲ್ಲ. ದೊಡ್ಡ ಲೆಕ್ಕ ತನ್ನದೇ ಚಿಕ್ಕ ರೂಪವನ್ನು ಕರೆಯುತ್ತಿದೆ. ಪದದಲ್ಲಿ ಅದು ಕಾಣಬೇಕು. ಮತ್ತೆ ಪದ ಗಿಡ್ಡ ಇರಲಿ, ಬೋರ್ಡು ಮೂರೇ ಅಡಿ.

ಬೆಳಗಾವಿಯಿಂದ, ಸಾಫ್ಟ್‌ವೇರ್‌ನವನು:

ರಿಕರ್ಷನ್ ಅಂತಲೇ ಬರೆಸಿ ಮೇಡಮ್. ಇಂಗ್ಲಿಷಿನವರೂ ಅದನ್ನು ಲ್ಯಾಟಿನ್‌ನಿಂದ ಎತ್ತಿದ್ದು. 1957ರ ಪ್ರೋಗ್ರಾಮಿಂಗ್ ಭಾಷೆ ಫೋರ್ಟ್ರಾನ್‌ನಲ್ಲಿ ಈ ಸೌಲಭ್ಯವೇ ಇರಲಿಲ್ಲ. 1960ರಲ್ಲಿ ಮೆಕಾರ್ಥಿ ತಮ್ಮ ಲಿಸ್ಪ್ ಭಾಷೆಯ ಬಗ್ಗೆ ಲೇಖನ ಬರೆದಾಗ ಈ ಪದವನ್ನು ತಲೆಬರಹದಲ್ಲೇ ಹಾಕಿದರು, ಪ್ರಪಂಚ ಒಪ್ಪಿಕೊಂಡಿತು. ಎಲ್ಲವನ್ನೂ ಕನ್ನಡ ಮಾಡಲು ಹೊರಟರೆ ನಾಳೆ ಪೈಥಾನ್ ಭಾಷೆಯನ್ನು ಹೆಬ್ಬಾವು ಅಂತೀರಿ. ಅದು ಹಾವನ್ನು ನೋಡಿ ಇಟ್ಟ ಹೆಸರೂ ಅಲ್ಲ, ಮಾಂಟಿ ಪೈಥಾನ್ ಅನ್ನೋ ಬ್ರಿಟಿಷ್ ಕಾಮಿಡಿ ತಂಡದ್ದು.

ಜಮಖಂಡಿಯಿಂದ:

ಮರಳಿಕೆ.

ಲ್ಯಾಟಿನ್ ಬೇರು ರಿಕರೆರೆ, ಅಂದರೆ ಹಿಂದಕ್ಕೆ ಓಡು. ನಮ್ಮಲ್ಲಿ ಮರಳ್ ಇದೆ, ಹಳಗನ್ನಡದಿಂದಲೂ ಇದೆ. ಎಸರು ಮರಳುತ್ತದೆ ಅಂತಲೂ ಅನ್ನುತ್ತೇವೆ. ಒಳಗಿಂದ ಎದ್ದು ಒಳಕ್ಕೇ ಬೀಳುವುದು. ಮೇಡಮ್ ಕೇಳಿದ್ದೂ ಅದೇ. ಸಂಸ್ಕೃತದ ಹಂಗಿಲ್ಲ. ಚರ್ಚೆ ಮುಗಿಯಿತು.

ಬೆಳಗಾವಿಯಿಂದ:

ಮುಗಿಯಲಿಲ್ಲ ಸರ್. ಮರಳಿಕೆ ಅಂತ ಬೋರ್ಡ್ ಹಾಕಿದರೆ ಮಂದಿ ಮರಳು ದಂಧೆಯ ಸ್ಟಾಲ್ ಅಂದುಕೊಂಡು ಮುಂದೆ ಹೋಗ್ತಾರೆ.

ಜಮಖಂಡಿಯಿಂದ:

ನಮ್ಮ ಕಡೆ ಅದಕ್ಕೆ ಉಸುಕು ಅಂತಾರೆ, ತಮ್ಮಾ. ಬೆಳಗಾವಿಯಲ್ಲಿದ್ದು ಇಷ್ಟು ಗೊತ್ತಿಲ್ಲವಾ? ಬೆಂಗಳೂರಿನ ಪೇಪರ್ ಓದೋದು ಕಡಿಮೆ ಮಾಡಿ.

ಬಾಗಲಕೋಟೆಯಿಂದ, ನಿವೃತ್ತ ಕನ್ನಡ ಮಾಸ್ತರ್:

ಮರಳಿಕೆ ನಡೆಯದು. ಲ್ಯಾಟಿನ್ ಬೇರು ನೋಡಿಕೊಂಡು ಕನ್ನಡ ಪದ ಕಟ್ಟುವುದು ಯಾವ ಊರಿನ ಸ್ವಾಭಿಮಾನ?

ಈ ಲೆಕ್ಕ ನಮ್ಮ ಛಂದಸ್ಸಿನವರ ಮನೆಯದು. ನಾಲ್ಕು ಮಾತ್ರೆಯ ಗಣ ಎಷ್ಟು ಬಗೆ? ಕೊನೆಯ ಅಕ್ಷರ ಲಘುವಾದರೆ ಅದರ ಹಿಂದೆ ಮೂರು ಮಾತ್ರೆ ಉಳಿಯುತ್ತದೆ, ಅದು 3 ಬಗೆ. ಗುರುವಾದರೆ ಎರಡು ಮಾತ್ರೆ ಉಳಿಯುತ್ತದೆ, ಅದು 2 ಬಗೆ. ಒಟ್ಟು 5. ಐದು ಮಾತ್ರೆಗೆ 5 ಮತ್ತು 3 ಕೂಡಿಸಿ, 8. ಪ್ರತಿ ಉತ್ತರವೂ ತನಗಿಂತ ಚಿಕ್ಕ ಎರಡು ಉತ್ತರಗಳನ್ನು ಕೇಳಿಕೊಂಡೇ ಹುಟ್ಟುತ್ತದೆ. ಇದನ್ನು ಫಿಬೊನಾಚಿ ಸಂಖ್ಯೆ ಅಂತ ಕಲಿಸುತ್ತಾರೆ. ಅವನ ಪುಸ್ತಕ 1202ರದು. 12ನೇ ಶತಮಾನದ ಛಂದಸ್ಸಿನ ಪಂಡಿತ ಹೇಮಚಂದ್ರ ಮೊದಲೇ ಬರೆದಿದ್ದಾನೆ, ವಿರಹಾಂಕ ಅವನಿಗಿಂತ ಹಳಬ. ಗಣಗಳನ್ನು ಹೀಗೆ ಹರಡಿ ತೋರಿಸುವುದಕ್ಕೆ ಪ್ರಸ್ತಾರ ಅಂತ ಹೆಸರಿದೆ. ಒಳಪ್ರಸ್ತಾರ ಅನ್ನಿ.

ಜಮಖಂಡಿಯಿಂದ:

ಸಂಸ್ಕೃತ. ಬೇಡ.

ಬಾಗಲಕೋಟೆಯಿಂದ:

ಗಣಿತವೂ ಸಂಸ್ಕೃತ. ಪೂವಿನಬಾಗೆಯ ರಾಜಾದಿತ್ಯ 12ನೇ ಶತಮಾನದಲ್ಲಿ ಕನ್ನಡದಲ್ಲಿ ಲೆಕ್ಕದ ಪುಸ್ತಕ ಬರೆದು ವ್ಯವಹಾರಗಣಿತ ಅಂತಲೇ ಹೆಸರಿಟ್ಟ. ಅವನಿಗೆ ಇಲ್ಲದ ಮಡಿ ನಿಮಗೆ ಎಲ್ಲಿಂದ ಬಂತು?

ಜಮಖಂಡಿಯಿಂದ:

ಅದು ಆಗಿನವರ ಚಾಳಿ. ನಾವ್ಯಾಕೆ ಮುಂದುವರಿಸಬೇಕು?

ಬೆಳಗಾವಿಯಿಂದ:

ಸರ್, ಮಡಿ ಮಾಡೋದಾದರೆ ತ್ರಿಕೋನಮಿತಿಯ ಸೈನ್‌ನಿಂದ ಶುರು ಮಾಡಿ. ನಮ್ಮ ಜ್ಯಾ, ಅಂದರೆ ಬಿಲ್ಲಿನ ಹೆದೆ. ಅದಕ್ಕೇ ಜೀವಾ ಅಂತಲೂ ಅಂದರು. ಅದು ಅರಬ್ಬಿಗೆ ಹೋಗಿ ಜಿಬ ಆಯ್ತು. ಅವರು ಸ್ವರ ಬಿಟ್ಟು ಬರೆಯೋರು, ಹಾಗಾಗಿ ಅದನ್ನು ಜೈಬ್ ಅಂತ ಓದಿದರು. ಅಂದರೆ ಬಟ್ಟೆಯ ಮಡಿಕೆ, ಎದೆಯ ಹತ್ತಿರದ್ದು. ಲ್ಯಾಟಿನ್‌ನವರು ಆ ಅರ್ಥ ಹಿಡಿದು ಸೈನಸ್ ಅಂದರು. ಅದೇ ಜೈಬ್ ಪಾರಸಿ ದಾರಿಯಲ್ಲಿ ಬಂದು ಬೆಂಗಳೂರಿನವರ ಜೇಬು ಆಗಿದೆ. ನಾವು ಕಿಸೆ ಅಂತೀವಿ, ಅದೂ ಅರಬ್ಬಿಯೇ. ಮೇಡಮ್ ಮೇಲೆ ಬರೆದ ಹುಕುಂ ಕೂಡ ಅರಬ್ಬಿ. ಆದಿಲಶಾಹಿಗಳ ಊರಿನಲ್ಲಿ ಕೂತು ಎಷ್ಟನ್ನು ಹೊರಗೆ ಹಾಕ್ತೀರಿ?

ಜಮಖಂಡಿಯಿಂದ:

ಬಂದದ್ದು ಬಂತು, ಅದನ್ನು ಯಾರೂ ಓಡಿಸುತ್ತಿಲ್ಲ. ಕಿಸೆ ಮಂದಿಯ ಬಾಯಲ್ಲಿ ತಾನಾಗಿ ಕೂತಿತು. ಯಾವ ಪ್ರಿನ್ಸಿಪಾಲರೂ ಬೋರ್ಡ್ ಹಾಕಿ ಕೂರಿಸಲಿಲ್ಲ. ಕೈಯಲ್ಲಿ ಬೇರು ಇರುವಾಗ ಹೊಸದನ್ನು ಹೋಗಿ ಕರೆದುಕೊಂಡು ಬರೋದು ಸೋಮಾರಿತನ. ಅಷ್ಟೇ ನನ್ನ ಮಾತು.

ಬೆಳಗಾವಿಯಿಂದ:

ಹಾಗಾದರೆ ಮರಳಿಕೆಯನ್ನೂ ಮಂದಿಯ ಬಾಯಿಗೇ ಬಿಡಿ ಸರ್, ಬೋರ್ಡ್ ಯಾಕೆ?

ವಿಜಯಪುರದಿಂದ:

ಸಾಕು, ಮಹನೀಯರೇ. ಐದೂವರೆ ಆಯ್ತು.

ಮರಳಿಕೆ ಆಗಲ್ಲ. ಪ್ರೋಗ್ರಾಮಿನ ಪ್ರತಿ ಫಂಕ್ಷನ್ ಕೊನೆಗೆ ರಿಟರ್ನ್ ಅಂತ ಬರೀತೀವಲ್ಲ, ಅದಕ್ಕೆ ಮರಳಿಸು ಅಂತ ಮಕ್ಕಳಿಗೆ ಹೇಳಿಕೊಟ್ಟಿದ್ದೇನೆ. ಕರೆಯುವುದೂ ಮರಳುವುದೂ ಒಂದೇ ಪದವಾದರೆ ಅವರ ಗತಿ ಏನು? ಮಾಸ್ತರ್ರೇ, ನಿಮ್ಮ ಮಾತ್ರೆಯ ಲೆಕ್ಕ ಬಹಳ ಚಂದ ಇದೆ. ಅದನ್ನು ಎರಡನೇ ಬೋರ್ಡಿಗೆ ಹಾಗೇ ಇಳಿಸಿಕೊಂಡೆ. ಆದರೆ ಒಳಪ್ರಸ್ತಾರ ಅಂದರೆ ಕನ್ನಡ ವಿಭಾಗದ ಸ್ಟಾಲ್ ಅಂದುಕೊಳ್ಳುತ್ತಾರೆ. ನಮ್ಮ ಒಬ್ಬ ಹುಡುಗಿ ತನ್ಕರೆ ಅಂದಳು. ತನ್ನನ್ನೇ ಕರೆಯೋದು. ಅದನ್ನೇ ದೊಡ್ಡದಾಗಿ ಹಾಕಿಸಿ, ಕೆಳಗೆ ಸಣ್ಣದಾಗಿ ರಿಕರ್ಷನ್ ಅಂತ ಬರೆಸುತ್ತಿದ್ದೇನೆ.

ಇನ್ನೊಂದೇ ಒಂದು. ಬೇಸ್ ಕೇಸ್‌ಗೆ ಏನು? ಒಂದೇ ಬಿಲ್ಲೆ ಉಳಿದಾಗ ಮತ್ತೆ ಕರೆಯಬೇಕಿಲ್ಲ, ಎತ್ತಿಟ್ಟರೆ ಆಯ್ತು. ಆ ಜಾಗ. ಇದನ್ನು ಬರೆಯದೆ ಬಿಟ್ಟರೆ ಪೈಥಾನ್ ಸುಮಾರು ಸಾವಿರ ಮೆಟ್ಟಿಲು ಇಳಿದು ಕೈಚೆಲ್ಲುತ್ತದೆ. ಆಧಾರ ಪ್ರಕರಣ ಅಂತ ಬರೆದು ನೋಡಿದೆ, ಯಾರದೋ ಆಧಾರ್ ಕಾರ್ಡಿನ ಮೇಲೆ ಕೇಸು ಬಿದ್ದಂತಿದೆ.

ಬಾಗಲಕೋಟೆಯಿಂದ:

ನಿಲುಗಡೆ. ಬಸ್ಸಿನವರು ಈಗಾಗಲೇ ಬಳಸುತ್ತಿದ್ದಾರೆ, ಯಾರಿಗೂ ಅರ್ಥ ಹೇಳಬೇಕಿಲ್ಲ.

ಜಮಖಂಡಿಯಿಂದ:

ನಿಲುಗಡೆ ಸರಿ. ತನ್ಕರೆ ತಪ್ಪು. ಆದೇಶ ಸಂಧಿಯಾಗಿ ತನ್ಗರೆ ಆಗಬೇಕು. ಪ್ರಿಂಟ್‌ಗೆ ಹೋಗುವ ಮುಂಚೆ ತಿದ್ದಿಸಿ.

ಬೆಳಗಾವಿಯಿಂದ:

ತನ್ಗರೆ ಅಂದರೆ ನಮ್ಮ ಓಣಿಯ ಯಾರದೋ ಅಡ್ಡಹೆಸರಿನ ಹಾಗಿದೆ. ಬೇಡ ಮೇಡಮ್.

ಬಾಗಲಕೋಟೆಯಿಂದ:

ಕ ಬಂದಲ್ಲೆಲ್ಲ ಗ ಆಗಲೇಬೇಕು ಅಂತ ನಿಯಮವಿಲ್ಲ. ಮನೆಕಟ್ಟು, ತಲೆಕಟ್ಟು ಅಂತೀವಲ್ಲ, ಅಲ್ಲಿ ಯಾರು ತಿದ್ದಿದರು?

ಜಮಖಂಡಿಯಿಂದ:

ಮನೆಕಟ್ಟು ಬೇರೆ, ಇದು ಬೇರೆ. ಉದಾಹರಣೆ ಸಮೇತ ರಾತ್ರಿ ಬರೆಯುತ್ತೇನೆ.

ವಿಜಯಪುರದಿಂದ:

ಬರೆಯಿರಿ ಸರ್, ಓದುತ್ತೇನೆ. ಫ್ಲೆಕ್ಸ್ ಮಷೀನಿಗೆ ಹೋಯಿತು.